ಬಂಪರ್ ಕಾದ ಬೆನಕಪ್ಪನವರು

ತಮ್ಮ ಹಳೇ ಫಿಯೆಟ್ ಕಾರಿನ ಹಿಂದಿನ ಬಂಪರಿನ ರಬ್ಬರ್ ಪಟ್ಟಿ ಕಿತ್ತು ನೇತಾಡುತ್ತಿದೆ ಎಂದು ಅಜ್ಜಂಪುರದಲ್ಲಿ ಯಾರು ಹೇಳಿದರೂ ಬೆನಕಪ್ಪನವರು ಒಪ್ಪುತ್ತಿರಲಿಲ್ಲ. "ಸ್ವಲ್ಪ ಸಡಿಲ ಆಗಿದೆ, ಅಷ್ಟೆ" ಎನ್ನುತ್ತಿದ್ದರು. (ಸಡಿಲ ಎಷ್ಟೆಂದರೆ, ಕಾರು ಹೋದ ದಾರಿಯುದ್ದಕ್ಕೂ ಧೂಳಿನಲ್ಲಿ ಗೆರೆ ಬೀಳುತ್ತಿತ್ತು.)

ಅಷ್ಟರಲ್ಲಿ ಹೆಂಡತಿಯ ತಮ್ಮ ಓಂಕಾರೇಶನ ಮಗನಿಗೆ ತರೀಕೆರೆಯ ಛತ್ರದಲ್ಲಿ ಮದುವೆ ಗೊತ್ತಾಯಿತು.

"ಭಾವ, ಗಂಡು ನಿಮ್ಮ ಕಾರಲ್ಲೇ ಹೋಗ್ಲಿ, ನೀವೇ ಓಡಿಸಿ. ಆದ್ರೆ ಆ ಬಾಲ ಇದ್ರೆ ಬೇಡ ಕಣ್ರೀ" ಎಂದ ಓಂಕಾರೇಶ.

ಗಂಡಿನ ಸಾರಥ್ಯವೆಂದರೆ ಸಾಮಾನ್ಯವೇ? ಬೆನಕಪ್ಪನವರು ಅಂದೇ ಪಟ್ಟಿ ಬಿಚ್ಚಿದರು. ಅದನ್ನು ಬಂಪರಿಗೆ ಹಿಡಿದಿಡುವ ನಾಲ್ಕು ಸ್ಟಡ್ಡುಗಳೂ ತುಕ್ಕು ತಿಂದು ಮುರಿದಿದ್ದವು. ಪಟ್ಟಿಯ ಬೆನ್ನಲ್ಲಿ ಉಳಿದ ಮೋಟುಗಳನ್ನು ಕಿತ್ತು, ಗುಂಡಿಗಳಿಗೆ ಅಂಟು ಮೆತ್ತಿ, ಗುರುತೇ ಸಿಗದಷ್ಟು ನುಣುಪು ಮಾಡಿದರು. ಆಮೇಲೆ, ಹೊಸ ಬೋಲ್ಟು ಎಲ್ಲಿ ಕೂರಿಸುವುದೆಂಬ ಪ್ರಶ್ನೆ ಎದ್ದಿತು.

ಬಂಪರಿನ ಮೇಲೆ ಹಳೇ ಪೇಪರ್ ಹಿಡಿದು ನಾಲ್ಕು ತೂತಿನ ಗುರುತು ತೆಗೆದರು. ಅದನ್ನು ಹಾಗೆಯೇ ತಂದು, ಬೋರಲು ಮಲಗಿದ್ದ ಪಟ್ಟಿಯ ಬೆನ್ನಿಗೆ ಹಾಸಿದರು.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಮಲ್ಲಿಕಾಂಬ ತಲೆಯೆತ್ತಿ, "ರೀ, ಪೇಪರ್ ಮಗುಚಿ ಹಾಕಿ. ಪಟ್ಟಿ ತಿರುಗಿಸಿದ್ಮೇಲೆ ಎಡದ್ದು ಬಲಕ್ಕೆ ಹೋಗುತ್ತೆ" ಎಂದರು.

"ಇದು ಬ್ಲೌಸಲ್ಲ ಕಣೇ, ಇಂಜಿನಿಯರಿಂಗು."

"ಆಯ್ತು, ಮಾಡಿ."

ರಬ್ಬರ್ ಸೀಳಿ, ಅಗಲ ತಲೆಯ ಬೋಲ್ಟುಗಳನ್ನು ತುರುಕಿ, ಎರಡು ಟ್ಯೂಬಿನ ಅಂಟು ಕಲಸಿ ತುಂಬಿ, ಮೇಲೆ ಗುಂಡುಕಲ್ಲು ಹೇರಿದರು. ಮಾರನೇ ದಿನ ಬೋಲ್ಟುಗಳು ಬಂಡೆಯಲ್ಲಿ ನೆಟ್ಟಂತೆ ನಿಂತಿದ್ದವು. ಬಂಪರಿಗೆ ಹಿಡಿದರೆ ಮಾತ್ರ ಎರಡು ಬೋಲ್ಟು ತೂತಿಗೆ ಹೊಕ್ಕರೆ ಇನ್ನೆರಡು ಎರಡೆರಡು ಬೆರಳು ಆಚೆ.

"ಬಿಸಿಲಿಗೆ ಬಂಪರ್ ಹಿಗ್ಗಿದೆ" ಎಂದರು ಬೆನಕಪ್ಪನವರು.

ಮಲ್ಲಿಕಾಂಬ ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು ಎದ್ದು ಬಂದರು. ಪಟ್ಟಿಯ ಎಡತುದಿಯನ್ನು ಬಲಕ್ಕೆ ತಿರುಗಿಸಿ ಹಿಡಿದರು. ನಾಲ್ಕೂ ಬೋಲ್ಟು ಗಪ್ಪನೆ ಕೂತವು.

"ಸದ್ಯ, ಮೇಲೂ ಕೆಳಗೂ ಒಂದೇ ಥರ ಇರೋ ಪಟ್ಟಿ."

"ನಾನೂ ಅದನ್ನೇ ಹೇಳೋನಿದ್ದೆ" ಎಂದು ಬೆನಕಪ್ಪನವರು ನಟ್ಟು ಬಿಗಿದರು.

ಮದುವೆಯ ಬೆಳಿಗ್ಗೆ ಓಂಕಾರೇಶ ಪಟ್ಟಿಯನ್ನು ಜಗ್ಗಿ ನೋಡಿ ತಲೆದೂಗಿದ. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಬೆನಕಪ್ಪನವರು ಗಂಟಲು ಸರಿಮಾಡಿಕೊಂಡರು: "ನೋಡೋಕೆ ಸುಲಭ ಕಣಪ್ಪಾ, ಆದ್ರೆ ಬಲು ಸೂಕ್ಷ್ಮ. ಒಂದೊಂದು ರೋಡ್ ಹಂಪು ಹಾರಿದಾಗ್ಲೂ ಇದರ ಮೇಲೆ ಕಣ್ಣಿಟ್ಟಿರಬೇಕು. ಅದೂ ಬಲ್ಲೋರ ಕಣ್ಣು."

ಓಂಕಾರೇಶ ಗಂಭೀರನಾದ. "ಹಂಗಾದ್ರೆ ಭಾವ, ಕಾರು ನಾನು ಓಡಿಸ್ತೀನಿ. ನೀವು ಸ್ಕೂಟರಲ್ಲಿ ಹಿಂದೆ ಬನ್ನಿ. ನಿಮ್ಮಷ್ಟು ಬಲ್ಲೋರು ಇನ್ಯಾರಿದ್ದಾರೆ?"

ಮಲ್ಲಿಕಾಂಬ ಗಂಡಿನ ಪಕ್ಕ ಹತ್ತಿ ಕೂತರು.

ಮೊದಲ ನಾಲ್ಕು ಹಂಪಿನವರೆಗೆ ಪಟ್ಟಿ ಬೀಳದಿರಲಿ ಎಂದು ಬೆನಕಪ್ಪನವರು ದೇವರನ್ನು ಬೇಡಿಕೊಂಡರು. ಐದನೆಯದಕ್ಕೆ ಬೇಡಿಕೆ ಬದಲಾಯಿತು: ಒಂದೇ ಒಂದು ನಟ್ಟು ಸಡಿಲವಾಗಲಿ, ಕಾರು ನಿಲ್ಲಲಿ, "ಭಾವ, ನೀವೇ ಬನ್ನಿ" ಎಂದು ಓಂಕಾರೇಶ ಮುಂದಕ್ಕೆ ಕರೆಯಲಿ. ದೇವರು ಮೊದಲ ಅರ್ಜಿಯನ್ನೇ ಮಂಜೂರು ಮಾಡಿಬಿಟ್ಟಿದ್ದ.

ಛತ್ರದ ಬಾಗಿಲಲ್ಲಿ ಎಲ್ಲರೂ ಗಂಡಿಗೆ ಆರತಿ ಎತ್ತುತ್ತಿದ್ದಾಗ, ಮೈಯೆಲ್ಲ ಧೂಳಾಗಿದ್ದ ಬೆನಕಪ್ಪನವರು ಅತ್ತಿತ್ತ ನೋಡಿ, ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಜಗ್ಗಿದರು. ಅದು ಕೂದಲೆಳೆಯಷ್ಟೂ ಕದಲಲಿಲ್ಲ.

ಬೇಜಾರಾಗಬೇಕಿದ್ದ ಮನುಷ್ಯ ಮೀಸೆ ತಿರುವಿಕೊಳ್ಳುತ್ತ ತಿಂಡಿಯ ಪಂಕ್ತಿಯತ್ತ ನಡೆದರು.