ಡುಂ, ಡುಂ, ಟ್ವೀಂ

ಎಲ್ಲದಕ್ಕೂ ಕಾರಣ ಒಂದು ಮಂಡಿ. ಹಾಗಂತ ಮಂಡಿಯನ್ನೇ ದೂರುವಂತೆಯೂ ಇಲ್ಲ; ಆಪರೇಷನ್ ಮುಗಿದ ಮೇಲೆ ಅದು ತನ್ನ ಪಾಡಿಗೆ ತಾನು ವಾಸಿಯಾಗುತ್ತಿತ್ತು. ಹಟ ಹಿಡಿದು ಕೂತಿದ್ದು ಮಂಡಿಯ ಒಡತಿ.

ಕನ್ನಡಕದಂಗಡಿಯ ಯಜಮಾನರ ಹೆಂಡತಿ ಆಸ್ಪತ್ರೆಯಿಂದ ಬಂದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತವಳು ಅಲ್ಲೇ ಕೂತಳು. ಕದಲಿದರೆ ಗಂಡನ ಹೆಗಲಿಗೆ ಪೂರ್ತಿ ಭಾರ ಹಾಕಿ ಬಚ್ಚಲಿನವರೆಗೆ, ಅಷ್ಟೇ. ದಿನಾ ಬೆಳಿಗ್ಗೆ ಫಿಸಿಯೋಥೆರಪಿಯ ಹುಡುಗಿ ಬಂದು, ಅಮ್ಮಾ ಕಿಟಕಿ ತನಕ ನಡೀರಿ ಸಾಕು ಎಂದು ಗೋಗರೆಯುತ್ತಿದ್ದಳು. ಆಕೆ ಹುಡುಗಿಯ ಮದುವೆ ವಿಚಾರ, ತಾಯಿಯ ಬಿಪಿ ವಿಚಾರ ಎಲ್ಲ ಕೇಳಿ, ಸಮಯ ಮುಗಿಯಿತೆಂದು ಕಳಿಸಿಬಿಡುತ್ತಿದ್ದಳು.

ಆವತ್ತು ಹುಡುಗಿ ಯಜಮಾನರನ್ನು ಬಾಗಿಲ ಹೊರಗೆ ಕರೆದು ಕಡ್ಡಿ ಮುರಿದ ಹಾಗೆ ಹೇಳಿದಳು. ನಾಳೆ ಡಾಕ್ಟರು ನೋಡುತ್ತಾರೆ. ಮಂಡಿ ಬಿಗಿಯುತ್ತಾ ಬಂದಿದೆ. ಅಷ್ಟರಲ್ಲಿ ಅಮ್ಮ ತಾವಾಗಿ ಎದ್ದು ನಡೆಯದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಿ, ಅರಿವಳಿಕೆ ಕೊಟ್ಟು, ಬಲವಂತವಾಗಿ ಬಗ್ಗಿಸಬೇಕಾಗುತ್ತದೆ.

ಹೆಂಡತಿ ಕೂತಲ್ಲೇ ಕೂತ ಮೇಲೆ ಮನೆಯೇ ನಿಂತುಹೋದಂತಾಗಿತ್ತು. ಅಡುಗೆಯೂ ಯಜಮಾನರದೇ. ಆಕೆಗೆ ಪ್ರಾಣವಾಗಿದ್ದ ಹಾಲಿನ ಪಾತ್ರೆಯನ್ನು ಕರಿ ಹತ್ತಿಸಿ, ಅಡುಗೆಮನೆಯ ಬಕೆಟ್ಟಿನ ಹಿಂದೆ ಬಚ್ಚಿಟ್ಟಿದ್ದರು. ಆಕೆ ಓಡಾಡಲಿ ಎಂಬುದು ಅವರ ನಿಜವಾದ ಆಸೆ. ಅಡುಗೆಮನೆಯ ತನಕ ಸದ್ಯಕ್ಕೆ ಬೇಡ ಎಂಬುದೂ ಅಷ್ಟೇ ನಿಜ.

ಒಳಗೆ ಹೋಗಿ ಕೈಮುಗಿಯುವುದೊಂದು ಬಾಕಿ, ಉಳಿದಂತೆ ಎಲ್ಲ ರೀತಿಯಲ್ಲೂ ಬೇಡಿಕೊಂಡರು.

"ಎದ್ದು ಎಲ್ಲಿಗೆ ಹೋಗ್ಲಿ, ಹೇಳಿ?" ಎಂದಳು ಹೆಂಡತಿ. "ಏಳೋಕೂ ಒಂದು ಕಾರಣ ಬೇಕಲ್ಲ."

"ಏನು ಕಾರಣ ಬೇಕು ಹೇಳು, ತಂದುಕೊಡ್ತೀನಿ."

ಆಕೆ ಕಿಟಕಿಯ ಕಡೆ ನೋಡಿದಳು. ತುಟಿಯ ತುದಿಯಲ್ಲಿ ಏನೋ ಸುಳಿದು ಹೋಯಿತು. "ಆವತ್ತು ಕ್ಲಬ್ಬಲ್ಲಿ ಬರ್ತಿತ್ತಲ್ಲ, ನಿಮ್ಮ ಹಾಡು. ಅದನ್ನ ತನ್ನಿ. ಅದು ಕೇಳಿಸಿದ್ರೆ ಎದ್ದು ಬರ್ತೀನಿ, ನಿಮ್ಮಾಣೆ."

ಯಜಮಾನರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಆ ಹಾಡಿನ ಕತೆ ಗೊತ್ತಿಲ್ಲದವರು ಆ ಬೀದಿಯಲ್ಲಿ ಕನ್ನಡಕ ಹಾಕದವರು ಮಾತ್ರ. ಕಣ್ಣು ಪರೀಕ್ಷೆಯ ಯಂತ್ರಕ್ಕೆ ಗದ್ದ ಕೊಟ್ಟು ಕೂತ ಗಿರಾಕಿ ಎದ್ದು ಹೋಗುವಂತಿಲ್ಲವಲ್ಲ, ಯಜಮಾನರು ಅದೇ ಹೊತ್ತು ನೋಡಿ ಶುರು ಮಾಡುತ್ತಿದ್ದರು. ಡಿಸ್ಕೋದ ಭರಾಟೆ ಇಳಿದು, ವಾದ್ಯದವರನ್ನು ಮನೆಗೆ ಕಳಿಸಿ ಯಂತ್ರಗಳೇ ತಾಳ ಹಾಕತೊಡಗಿದ್ದ ಕಾಲ. ನೆಲಮಾಳಿಗೆಯ ಒಂದು ಕ್ಲಬ್ಬು. ಒಂದು ರಾತ್ರಿ ಅಲ್ಲೊಂದು ಹಾಡು ಬಂತು. ಹಾಡುವವರಿಲ್ಲ, ಮಾತಿಲ್ಲ. ಕೆಳಗೆ ಡುಂ, ಡುಂ. ಮೇಲೆ ತಗಡು ಮೀಟಿದ ಹಾಗೆ ಟ್ವೀಂ. ಮತ್ತೆ ಡುಂ, ಡುಂ, ಟ್ವೀಂ. ಮುಗಿಯುವ ಮಾತೇ ಇಲ್ಲ. ಮಿಕ್ಕವರೆಲ್ಲ ಸುಸ್ತಾಗಿ ಪಕ್ಕಕ್ಕೆ ಸರಿದರು. ಡೀಜೆಯ ಗೂಡಿನ ಮುಂದೆ ಯಜಮಾನರೊಬ್ಬರೇ ಮೈಮರೆತು ಕುಣಿಯುತ್ತಿದ್ದರು. ಆಗ ಆ ತುದಿಯಿಂದ ಹಳದಿ ಅಂಗಿಯ ಹುಡುಗಿಯೊಬ್ಬಳು ಎದ್ದು, ಅತ್ತಿತ್ತ ನೋಡದೆ ನೆಟ್ಟಗೆ ಇವರತ್ತಲೇ ನಡೆದು ಬಂದಳು. ಇವರು ಕೈ ಚಾಚಿದರು. ಹುಡುಗಿ ಒಂದು ಗಳಿಗೆ ನಿಂತು ನೋಡಿ, ಕೈ ಹಿಡಿದಳು. "ಆ ಹಾಡೇ ಅವಳನ್ನ ಎಬ್ಬಿಸಿ ನನ್ನ ಹತ್ರ ಕಳಿಸ್ತು" ಎಂದು ಯಜಮಾನರು ಮುಗಿಸುವ ಹೊತ್ತಿಗೆ ಗಿರಾಕಿಗೆ ಅಕ್ಷರ ಮಾತ್ರವಲ್ಲ, ಬಾಗಿಲೂ ಸ್ಪಷ್ಟವಾಗಿ ಕಾಣುತ್ತಿತ್ತು.

ಹಾಡಿನ ಹೆಸರು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಮಾತಿಲ್ಲದ ಹಾಡನ್ನು ಏನೆಂದು ಹುಡುಕುವುದು?

ಮೊದಲು ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ಟರರ ಬಳಿ ಹೋದರು. ಗುನುಗಿದರೆ ಸಾಕು, ಅವರ ಫೋನು ಹಾಡಿನ ಹೆಸರು ಹೇಳುತ್ತದಂತೆ. ಯಜಮಾನರು ಅದರ ಬಾಯಿಗೆ ಬಾಯಿ ಹಚ್ಚಿ ಡುಂ, ಡುಂ, ಟ್ವೀಂ ಎಂದರು. ಫೋನು ಸ್ವಲ್ಪ ಯೋಚಿಸಿ, ಹತ್ತಿರದಲ್ಲಿ ವಾಷಿಂಗ್ ಮಷಿನ್ ರಿಪೇರಿ ಮಾಡುವವರ ವಿಳಾಸ ಕೊಟ್ಟಿತು. ಟ್ವೀಂ ತಡವಾಗುತ್ತಿದೆ, ಡುಂ ಬೇಗ ಬರುತ್ತಿದೆ ಎಂದು ಹೆಡ್‌ಮಾಸ್ಟರು ತಿದ್ದಿ ತಿದ್ದಿ ಹೇಳಿಸಿದರು. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದರೆ ತಮ್ಮ ಹಾಡು ತಮಗೇ ಮರೆತೀತು ಎಂದು ಹೆದರಿ ಯಜಮಾನರು ಮೆಟ್ಟಿಲಿಳಿದರು.

ಮರೆಯಬಾರದೆಂದು ಪೇಟೆಗೆ ಹೊರಟ ಬಸ್ಸಿನಲ್ಲೂ ಬಾಯೊಳಗೇ ಹೇಳಿಕೊಳ್ಳುತ್ತ ಕೂತರು. ಪ್ರತಿ ಟ್ವೀಂಗೂ ಬಲಭುಜ ತಾನಾಗಿ ಹಾರುತ್ತಿತ್ತು. ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಹೋಗಲಿ ಎಂದರೆ, ಅದೇ ಬಸ್ಸಿನಲ್ಲಿ ಅವರ ಬೀದಿಯ ಔಷಧಿ ಅಂಗಡಿಯವನಿದ್ದ. ಕೆಮ್ಮು ಎಂದು ಹೋದವರಿಗೂ ಎರಡು ಬೇರೆ ಕಾಯಿಲೆ ಹೇಳಿ ಕಳಿಸುವ ಉಪಕಾರಿ. ಅವನು ಯಜಮಾನರ ಮಣಿಕಟ್ಟು ಹಿಡಿದು, ಬಸ್ಸು ನಿಲ್ಲಿಸಿ ಇಳಿಸಿ, ಕಲ್ಲುಬೆಂಚಿನ ಮೇಲೆ ಕೂರಿಸಿ, ನಾಲಿಗೆ ಚಾಚಿಸಿ, ನಗಿಸಿ, ಎರಡೂ ಕೈ ಎತ್ತಿಸಿದ. ಹಾಡು ಹುಡುಕ್ತಿದ್ದೀನಿ ಕಣಯ್ಯಾ ಎಂದು ಯಜಮಾನರು ಹೇಳಿದ್ದು ಅವನಿಗೆ ತೊದಲಿನ ಹಾಗೆ ಕೇಳಿಸಿತು. ನಾಲಿಗೆ ಇನ್ನೂ ಹೊರಗೇ ಇತ್ತು. ಅವನು ಹೆಡ್‌ಮಾಸ್ಟರಿಗೆ ಫೋನು ಹಚ್ಚಿದ ಗಳಿಗೆ ನೋಡಿ ಯಜಮಾನರು ಇನ್ನೊಂದು ಬಸ್ಸು ಹತ್ತಿ ಪರಾರಿಯಾದರು. ಸುದ್ದಿ ಬೀದಿ ಮುಟ್ಟಿದಾಗ ಭುಜದ ಸೆಳೆತವಾಗಿತ್ತು, ಬೀದಿ ದಾಟುವಾಗ ಲಕ್ವವಾಗಿತ್ತು, ಮಧ್ಯಾಹ್ನದ ಹೊತ್ತಿಗೆ ಯಜಮಾನರು ಕಾಣೆಯಾಗಿದ್ದರು.

ಕಾಣೆಯಾದವರು ಹಳೇ ರೆಕಾರ್ಡಿನ ಅಂಗಡಿಯಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಿದ್ದರು. ಅಂಗಡಿಯಾಕೆ ಪುಣ್ಯಾತ್ಗಿತ್ತಿ. ಆ ಕಾಲದ ಕ್ಲಬ್ ಸಂಗೀತ ಎಂದರೆ ಊಟ ಬಿಟ್ಟು ಕೇಳುವವಳು. ಒಂದಾದ ಮೇಲೊಂದು ಹಾಕಿದಳು. ಎಲ್ಲದರಲ್ಲೂ ಡುಂ ಇತ್ತು. ಕೆಲವುಗಳಲ್ಲಿ ಡುಂ, ಡುಂ ಇತ್ತು. ಕೊನೆಗೆ ನೀಲಿ ತ್ರಿಕೋನದ ಹೊದಿಕೆಯ ಒಂದು ರೆಕಾರ್ಡು ತಿರುಗುತ್ತಿದ್ದ ಹಾಗೆ ಯಜಮಾನರು ದಡಕ್ಕನೆ ಎದ್ದರು. ಡುಂ, ಡುಂ, ಟ್ವೀಂ! ಕಣ್ಣಲ್ಲಿ ನೀರು ಬಂತು. ಆದರೆ ಅದು ಒಂದೇ ಒಂದು ಟ್ವೀಂ. ಆಮೇಲೆ ಹಾಡು ತನ್ನ ದಾರಿ ಹಿಡಿದು, ಕೊಳಲಿನಂಥದೇನೋ ಊದಿಕೊಂಡು, ಎಲ್ಲಿಗೋ ಹೊರಟೇಹೋಯಿತು.

ಇದಲ್ಲ ಎಂದು ಯಜಮಾನರು ತಲೆಯಾಡಿಸಿದರು. ತಮ್ಮದು ಅಷ್ಟು ಚಂಚಲ ಹಾಡಲ್ಲ, ಹೀಗಿತ್ತು ಎಂದು ತೋರಿಸಲು ಅಲ್ಲೇ ಕುಣಿದರು. ಬಲಗೈ ಬೀಸಿದ ರಭಸಕ್ಕೆ ಒಂದು ಕಪಾಟಿನ ರೆಕಾರ್ಡುಗಳೆಲ್ಲ ನೆಲ ಕಂಡವು. ಎತ್ತಿ ಜೋಡಿಸುತ್ತ ಅಂಗಡಿಯಾಕೆ, ಆ ನೆಲಮಾಳಿಗೆ ಕ್ಲಬ್ಬಿನ ಡೀಜೆ ಇನ್ನೂ ಇದ್ದಾರೆ, ನಾಲ್ಕು ಬೀದಿ ಆಚೆ ಕಿವಿಯ ಮಿಷನ್ನಿನ ಅಂಗಡಿ ಇಟ್ಟಿದ್ದಾರೆ, ಅವರನ್ನೇ ಕೇಳಿ ಎಂದಳು. ಈ ಮಾತು ಮೊದಲೇ ಹೇಳಬಹುದಿತ್ತು. ಹೇಳಿದ್ದರೆ ಕಪಾಟು ಉಳಿಯುತ್ತಿತ್ತು.

ಡೀಜೆ ತನ್ನ ಹಾಡುಗಳಿಗೇ ಕಿವಿ ಒಪ್ಪಿಸಿದ್ದ ಮನುಷ್ಯ. ತಾನು ಮಾರುವ ಮಿಷನ್ನನ್ನು ತಾನು ಮಾತ್ರ ಹಾಕುತ್ತಿರಲಿಲ್ಲ. ಗಿರಾಕಿಗಳು ಚೌಕಾಸಿ ಮಾಡುವುದು ಕೇಳಿಸಬಾರದಲ್ಲ. ಯಜಮಾನರು ಡುಂ ಎಂದು ಕೂಗಿದರು, ಟ್ವೀಂ ಎಂದು ಕಿರುಚಿದರು. ಅವನು ತಾಳ್ಮೆಯಿಂದ, ಬಲಗಿವಿಯಲ್ಲೋ ಎಡಗಿವಿಯಲ್ಲೋ ಎಂದು ಕೇಳಿದ. ಬೇರೆ ದಾರಿ ಕಾಣದೆ ಯಜಮಾನರು ಇಲ್ಲೂ ಕುಣಿದರು.

ಡೀಜೆಯ ಕಣ್ಣು ಅರಳಿತು. "ಅಯ್ಯೋ, ನೀವಾ! ಬಲಗೈ ಒಂದೇ ಬೀಸ್ತಿದ್ದೋರು. ಆವತ್ತು ನಾನು ಒಂದು ಉದ್ದದ ರೆಕಾರ್ಡು ಹಾಕಿ, ಹಸಿವಾಗಿತ್ತು, ಊಟಕ್ಕೆ ಹೋದೆ. ವಾಪಸ್ ಬಂದ್ರೆ ನೀವು ಇನ್ನೂ ಕುಣೀತಾನೇ ಇದ್ರಿ."

ಒಳಗಿಂದ ಅವನು ಹುಡುಕಿ ತಂದ ರೆಕಾರ್ಡಿನ ಮೇಲೆ ನೀಲಿ ತ್ರಿಕೋನವಿತ್ತು. ಇದು ಕೇಳಿಯಾಯಿತು, ಇದಲ್ಲ ಎಂದು ಯಜಮಾನರು ಕೈ ಆಡಿಸಿದರು.

"ಇದೇ ರೀ," ಎಂದ ಡೀಜೆ. "ಆದ್ರೆ ಆವತ್ತು ಹಾಕಿದ್ದು ಈ ಪ್ರತಿ. ಆಮೇಲೆ ಇದನ್ನ ನಾನು ಯಾವತ್ತೂ ಹಾಕ್ಲಿಲ್ಲ. ತಗೊಂಡು ಹೋಗಿ, ನಿಮಗೇ ಇದು."

ಯಾಕೆ ಹಾಕಲಿಲ್ಲ ಎಂದು ಯಜಮಾನರು ಕೇಳಿದರು. ಅದು ಅವನಿಗೆ ಕೇಳಿಸಲಿಲ್ಲ. ತಮ್ಮ ನೆನಪಿಗೆ ಗೌರವ ಕೊಟ್ಟಿದ್ದಾನೆ ಎಂದುಕೊಂಡು, ರೆಕಾರ್ಡನ್ನು ಎದೆಗವಚಿ ಬಸ್ಸು ಹತ್ತಿದರು.

ಸಂಜೆ ಮನೆ ತಲುಪಿದರೆ ಬಾಗಿಲಲ್ಲಿ ಚಪ್ಪಲಿಯ ರಾಶಿ. ಒಳಗೆ ಹೆಡ್‌ಮಾಸ್ಟರು, ಔಷಧಿ ಅಂಗಡಿಯವನು, ವಿಷಯ ಕೇಳಿ ಓಡಿಬಂದ ಫಿಸಿಯೋಥೆರಪಿಯ ಹುಡುಗಿ. ಎಲ್ಲರ ಮುಖವೂ ಬಾಡಿತ್ತು, ಹೆಂಡತಿಯದೊಂದು ಬಿಟ್ಟು. ಅದು ಲಕ್ವ ಅಲ್ಲ, ಡ್ಯಾನ್ಸು ಎಂದು ಆಕೆ ಬೆಳಗಿನಿಂದ ಹೇಳುತ್ತಲೇ ಇದ್ದಳಂತೆ. ಯಾರೂ ನಂಬಿರಲಿಲ್ಲ.

"ಸಿಕ್ತು ಕಣೇ," ಎಂದರು ಯಜಮಾನರು.

ಆಕೆಯ ಮುಖ ಆಗ ಮೊದಲ ಸಲ ಸ್ವಲ್ಪ ಬಾಡಿತು. "ಸಿಗೋಕೆ ಸಾಧ್ಯವೇ ಇಲ್ಲ," ಎಂದಳು.

ಹೆಡ್‌ಮಾಸ್ಟರರ ಹಳೇ ಪ್ಲೇಯರ್ ಕೆಳಗಿಳಿದು ಬಂತು. ಅದನ್ನು ಕಿಟಕಿಯ ಬಳಿಯ ಮೇಜಿನ ಮೇಲೆ ಇಟ್ಟರು. ಕೋಣೆಯ ಈ ತುದಿಗೆ ಕುರ್ಚಿ, ಆ ತುದಿಗೆ ಮೇಜು. ಯಜಮಾನರು ರೆಕಾರ್ಡಿನ ಧೂಳು ಒರೆಸಿ, ಮುಳ್ಳು ಇಳಿಸಿದರು. ನಾಳೆ ಆಸ್ಪತ್ರೆಯೋ ಅಲ್ಲವೋ ಎಂಬುದು ಈಗ ಆ ಮುಳ್ಳಿನ ತುದಿಯಲ್ಲಿತ್ತು.

ಡುಂ, ಡುಂ, ಟ್ವೀಂ.

ಕೊಳಲು ಬರುತ್ತದೆಂದು ಅವರು ಉಸಿರು ಹಿಡಿದರು. ಬರಲಿಲ್ಲ. ಡುಂ, ಡುಂ, ಟ್ವೀಂ. ಮತ್ತೆ ಡುಂ, ಡುಂ, ಟ್ವೀಂ. ಅದೇ! ಒಂದಿಷ್ಟೂ ಆಚೀಚೆ ಹೋಗದ, ಮಾತಿಗೆ ತಪ್ಪದ ಅದೇ ಹಾಡು. ಯಜಮಾನರಿಗೆ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ ಬಲಗೈ ಬೀಸಿದರು. ನೆರೆಯವರು ಸ್ವಲ್ಪ ಹೊತ್ತು ಮರ್ಯಾದೆಗೆ ತಲೆದೂಗಿದರು. ಆಮೇಲೆ ಹೆಡ್‌ಮಾಸ್ಟರು ಹಣೆ ಒತ್ತಿಕೊಂಡರು. ಔಷಧಿ ಅಂಗಡಿಯವನು ಜೇಬಿನಲ್ಲಿ ತಲೆನೋವಿನ ಮಾತ್ರೆ ತಡಕಿದ. ಹಾಡು ಮುಗಿಯಲಿಲ್ಲ.

ಹೆಂಡತಿ ಹಲ್ಲು ಕಚ್ಚಿ ಕೂತಿದ್ದಳು. ಕುರ್ಚಿಯ ಕೈಗಳನ್ನು ಹಿಡಿದ ಬೆರಳು ಬೆಳ್ಳಗಾಗಿದ್ದವು. ಇನ್ನೊಂದು ಟ್ವೀಂ ಬಂತು. ಆಕೆ ಎದ್ದಳು.

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಆಕೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಅತ್ತಿತ್ತ ನೋಡದೆ ನೆಟ್ಟಗೆ ನಡೆದು ಬಂದಳು. ಯಜಮಾನರು ಕಣ್ಣು ತೆರೆದರು. ಹಳದಿ ಅಂಗಿಯೊಂದು ಇರಲಿಲ್ಲ, ಮಿಕ್ಕದ್ದೆಲ್ಲ ಹಾಗೇ ಇತ್ತು. ಕೈ ಚಾಚಿದರು.

ಆಕೆ ಆ ಕೈಯನ್ನು ಪಕ್ಕಕ್ಕೆ ಸರಿಸಿ, ಅವರನ್ನು ದಾಟಿ, ಮೇಜಿನ ಹತ್ತಿರ ಹೋಗಿ ಮುಳ್ಳು ಎತ್ತಿದಳು.

"ಸಿಕ್ಕಿಹಾಕ್ಕೊಂಡಿದೆ ರೀ," ಎಂದಳು. "ಗೀರು ಬಿದ್ದು ಮುಳ್ಳು ಅಲ್ಲೇ ಸಿಕ್ಕಿಹಾಕ್ಕೊಂಡಿದೆ. ಆವತ್ತೂ ಇಷ್ಟೇ. ಕಾಲುಗಂಟೆ ಸಹಿಸ್ಕೊಂಡೆ, ಆಗ್ಲಿಲ್ಲ, ಆ ಡೀಜೆಗೆ ಹೇಳೋಣ ಅಂತ ಎದ್ದು ಬಂದೆ. ಅಡ್ಡ ನಿಂತು ಕೈ ಚಾಚಿದ್ರಿ."

ಬೀದಿಯ ಅರ್ಧ ಜನರ ಕಣ್ಣು ತಿದ್ದಿದ್ದ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ವರ್ಷ ಗಿರಾಕಿಗಳ ಗದ್ದ ಹಿಡಿದು ಹೇಳಿದ್ದೆಲ್ಲ ಕಣ್ಣ ಮುಂದೆ ಹಾದುಹೋಯಿತು.

"ಹಾಗಾದ್ರೆ ಆ ಹಾಡೇ ಬೇಕು ಅಂತ ಬೆಳಿಗ್ಗೆ ಯಾಕೆ ಕೇಳ್ದೆ?"

"ಇಲ್ಲದ ಹಾಡನ್ನ ಎಲ್ಲಿಂದ ತರ್ತಾರೆ, ಆರಾಮಾಗಿ ಕೂತಿರಬಹುದು ಅಂತ ಕೇಳ್ದೆ. ನೀವು ಆ ಹಾಳು ಗೀರನ್ನೇ ಹುಡುಕಿ ತರ್ತೀರಿ ಅಂತ ಯಾರಿಗೆ ಗೊತ್ತಿತ್ತು?"

"ಮತ್ತೆ ಆವತ್ತು ಕೈ ಯಾಕೆ ಹಿಡಿದೆ?"

ಆಕೆಗೆ ನಗು ಬಂತು. "ಒಂದೇ ಸದ್ದನ್ನ ಅಷ್ಟು ಹೊತ್ತು ಕೇಳಿಯೂ ಬೇಜಾರು ಮಾಡ್ಕೊಳ್ದೆ ಕುಣೀತಿದ್ದೀರಲ್ಲ, ಈ ಗಂಡಸು ಸಂಸಾರಕ್ಕೆ ಆಗ್ತಾನೆ ಅನ್ನಿಸ್ತು."

"ಅಮ್ಮಾ," ಎಂದಳು ಫಿಸಿಯೋಥೆರಪಿಯ ಹುಡುಗಿ ಮೆಲ್ಲಗೆ, "ನೀವೀಗ ಎಲ್ಲಿ ನಿಂತಿದ್ದೀರಿ, ಒಂಚೂರು ನೋಡ್ಕೊಳ್ಳಿ."

ಆಕೆ ತಿರುಗಿ ನೋಡಿದಳು. ಕುರ್ಚಿ ದೂರದಲ್ಲಿ ಬರಿದಾಗಿ ಕೂತಿತ್ತು. ಎದ್ದು ಬಂದ ದಾರಿಯನ್ನು ಒಮ್ಮೆ, ತನ್ನ ಮಂಡಿಯನ್ನು ಒಮ್ಮೆ ನೋಡಿಕೊಂಡಳು. ಮಂಡಿ ಏನೂ ಆಗದ ಹಾಗೆ ನಿಂತಿತ್ತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾಳೆ ಡಾಕ್ಟರ ಮುಂದೆ ನಡೆದು ತೋರಿಸಿದರೆ ಆಯಿತು, ಇನ್ನು ಆಸ್ಪತ್ರೆಯ ಮಾತಿಲ್ಲ ಎಂದು ಹುಡುಗಿ ಸಾರಿಬಿಟ್ಟಳು. ಯಜಮಾನರಿಗೆ ಕತೆ ಹೋದ ದುಃಖ ಒಂದು ಕಡೆ, ಹೆಂಡತಿ ಎದ್ದ ಸಂತೋಷ ಇನ್ನೊಂದು ಕಡೆ. ತೂಗಿ ನೋಡಿದರೆ ಸಂತೋಷದ ತಟ್ಟೆಯೇ ಕೆಳಗಿತ್ತು.

"ಈಗಲಾದ್ರೂ ಒಂದು ಸಲ ಕುಣಿಯೋಣ ಬಾರೆ," ಎಂದು ಅವರು ಮತ್ತೆ ಕೈ ಚಾಚಿದರು.

ಆಕೆ ಅಲ್ಲಿರಲಿಲ್ಲ. ಹೇಗೂ ಎದ್ದಾಯಿತಲ್ಲ ಎಂದು, ಗೋಡೆ ಹಿಡಿದುಕೊಂಡು ಅಡುಗೆಮನೆಯ ಕಡೆ ಹೊರಟುಹೋಗಿದ್ದಳು. ಬಕೆಟ್ಟು ಸರಿದ ಸದ್ದಾಯಿತು. ನೆರೆಯವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು.

"ನನ್ನ ಹಾಲಿನ ಪಾತ್ರೆಗೆ ಏನಾಯ್ತು?" ಒಳಗಿನಿಂದ ದನಿ ಬಂತು.

ಯಜಮಾನರು ರೆಕಾರ್ಡನ್ನು ಹೊದಿಕೆಯೊಳಗೆ ತೂರಿಸಿದರು.

"ನನ್ನ ಹಾಲಿನ ಪಾತ್ರೆಗೆ ಏನಾಯ್ತು?"

ಮೂರನೇ ಸಲವೂ ಅದೇ ಬಂತು, ನಾಲ್ಕನೇ ಸಲವೂ ಅದೇ. ಈ ಮುಳ್ಳನ್ನು ಎತ್ತುವವರು ಮನೆಯಲ್ಲಿ ಯಾರೂ ಇರಲಿಲ್ಲ. ಯಜಮಾನರು ಆಕೆಯ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿಗೆ ಅವರ ಬಲಭುಜ ತಾನಾಗಿ ಹಾರತೊಡಗಿತು.