ಬಂಗುಡೆಯ ಜಾಗದಲ್ಲಿ ಸವತಿ

ನನ್ನ ಗಂಡನಿಗೆ ಇನ್ನೊಬ್ಬಳಿದ್ದಾಳೆ. ಹೊನ್ನಾವರದ ಅರ್ಧ ಊರಿಗೆ ಗೊತ್ತಿರುವ ವಿಷಯ, ಮುಚ್ಚಿಡುವುದೇನು? ಅವಳಿಗೆ ಕಣ್ಣಿಲ್ಲ, ಮೂಗಿಲ್ಲ, ತಲೆಯಂತೂ ಇಲ್ಲವೇ ಇಲ್ಲ. ಮೈತುಂಬ ತೂತು. ಅಂಥವಳು ನನ್ನ ಫ್ರೀಜರಿನಲ್ಲಿ, ನಾನು ಬಂಗುಡೆ ಮೀನು ಇಡುತ್ತಿದ್ದ ಜಾಗದಲ್ಲಿ, ಐಸ್‌ಕ್ರೀಮ್ ಡಬ್ಬಿಯೊಳಗೆ ಹಾಯಾಗಿ ಮಲಗುತ್ತಾಳೆ!

ಅವಳು ಸಮುದ್ರದ ಸ್ಪಂಜು. ಗಂಡ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು, ಸ್ಪಂಜಿನಿಂದ ಔಷಧಿ ತೆಗೆಯುವ ಹುಚ್ಚು. ಕಲ್ಲಿಗೆ ಅಂಟಿ ಕೂತ ಈ ಜೀವ ಓಡಲಾರದು, ಕಚ್ಚಲಾರದು. ತಿನ್ನಲು ಬಂದವರನ್ನು ದೂರವಿಡಲು ಮೈಯೊಳಗೇ ವಿಷ ತಯಾರಿಸಿಕೊಳ್ಳುತ್ತದಂತೆ. ಆ ವಿಷದಲ್ಲೇ ನಾಳೆ ಯಾರದೋ ಕಾಯಿಲೆಗೆ ಮದ್ದು ಸಿಗಬಹುದಂತೆ. ಇದನ್ನು ಹೇಳುವಾಗ ಅವರ ಮುಖ ನೋಡಬೇಕು! ನಮ್ಮ ಮದುವೆಯ ಫೋಟೋದಲ್ಲೂ ಆ ಕಳೆ ಇಲ್ಲ. ಮದುವೆಯಾದಾಗಿನಿಂದ ನಾನೂ ಒಂದೇ ಅಡುಗೆಮನೆಗೆ ಅಂಟಿಕೊಂಡು ಕೂತಿಲ್ಲವೇ? ನನ್ನೊಳಗೂ ಸಾಕಷ್ಟು ವಿಷ ತಯಾರಾಗಿದೆ. ಅದನ್ನು ಪರೀಕ್ಷಿಸಲು ಮಾತ್ರ ಯಾರೂ ಬರಲಿಲ್ಲ.

ಕಳೆದ ವರ್ಷ ನಮ್ಮ ಮದುವೆಯ ವಾರ್ಷಿಕೋತ್ಸವದ ದಿನ ಭಟ್ಕಳಕ್ಕೆ ಹೋಗೋಣ ಎಂದರು. ಸೀರೆಯ ಆಸೆಯಿಂದ ಮಲ್ಲಿಗೆ ಮುಡಿದು ಹೊರಟೆ. ಶಿರಾಲಿ ದಾಟುವವರೆಗೂ ಬಣ್ಣದ ಯೋಚನೆಯೇ. ಕಾರು ನಿಂತದ್ದು ಬಂದರಿನಲ್ಲಿ! ಬಲೆಗೆ ಸಿಕ್ಕ ಕಸದ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹಳದಿ ಗೆಡ್ಡೆಯಂಥದ್ದೊಂದನ್ನು ಎತ್ತಿ, ಎಷ್ಟು ಚಂದ ಇದ್ದಾಳೆ ನೋಡು ಎಂದರು. ಹೊಸ ಸೀರೆ ಸಿಗಲಿಲ್ಲ, ಉಟ್ಟ ಸೀರೆಗೆ ಮೀನಿನ ನೀರು ಸಿಡಿಯಿತು.

ಆ ಹಳದಿಯವಳಿಂದ ತೆಗೆದ ಸಾರದಲ್ಲಿ ಏನೋ ಮದ್ದಿನ ಗುಣ ಕಂಡಿತು. ಅಷ್ಟರಲ್ಲಿ ಸಾರವೇ ಮುಗಿಯಿತು. ಮುಂದುವರಿಯಲು ಅದೇ ಜಾತಿಯವಳೇ ಬೇಕು, ಆದರೆ ಮಳೆಗಾಲದಲ್ಲಿ ಬೋಟು ಕಡಲಿಗಿಳಿಯುವಂತಿಲ್ಲ. ಎರಡು ತಿಂಗಳು ವಿರಹ! ಊಟಕ್ಕೆ ಕರೆದರೆ ಕಡಲ ಕಡೆ ನೋಡುತ್ತಿದ್ದರು. ನಾನು ಕುಮಟೆಯ ತವರಿಗೆ ಹೋದಾಗ ಒಂದು ಹೊತ್ತಾದರೂ ಊಟ ಬಿಟ್ಟದ್ದುಂಟೇ? ಕೊನೆಗೂ ಬೋಟಿನವರು ಅವಳನ್ನು ತಂದುಕೊಟ್ಟರು, ನಮ್ಮವರಿಗೆ ಹಸಿವೆಯೂ ಮರಳಿತು.

ಮೊನ್ನೆ ಅವರು ಕಾಲೇಜಿಗೆ ಹೋದ ಮೇಲೆ ಕರೆಂಟು ಹೋಯಿತು. ಮಧ್ಯಾಹ್ನವಾದರೂ ಬರಲಿಲ್ಲ. ಡಬ್ಬಿಯಿಂದ ನೀರು ತೊಟ್ಟಿಕ್ಕತೊಡಗಿತು. ಕೊಳೆಯಲಿ ಪೀಡೆ ಎಂದುಕೊಂಡೆ. ಆದರೆ ಗಂಡನ ಆ ಎರಡು ತಿಂಗಳ ಮುಖ ನೆನಪಾಯಿತು. ಮೀನಿನವಳ ಹತ್ತಿರ ಐಸು ಕೇಳಿ ತಂದು ಒಂದು ಪೆಟ್ಟಿಗೆಗೆ ಸುರಿದು, ಅದರಲ್ಲಿಡಲೆಂದು ಸವತಿಯನ್ನು ಡಬ್ಬಿಯಿಂದ ಬರಿಗೈಯಲ್ಲಿ ಎತ್ತಿದೆ. ಅಯ್ಯೋ! ಅವಳ ಮೈಯೆಲ್ಲ ಕಣ್ಣಿಗೆ ಕಾಣದ ಗಾಜಿನಂಥ ಮುಳ್ಳು. ಎರಡೂ ಅಂಗೈಗೆ ನಾಟಿತು. ಅವಳು ನೆಲಕ್ಕೆ ಬಿದ್ದು ಹೋಳಾದಳು.

ಸರಿಯಾಗಿ ಆಗಲೇ ಗಂಡ ಊಟಕ್ಕೆ ಬಂದರು. ನೆಲದ ಮೇಲೆ ಅವಳು, ಗೋಡೆಗೊರಗಿ ಉರಿಯುವ ಕೈ ಚಾಚಿಕೊಂಡು ನಾನು. ಈಗ ಯಾರ ಹತ್ತಿರ ಹೋಗುತ್ತಾರೆ, ನೋಡಿಯೇ ಬಿಡೋಣ ಎಂದುಕೊಂಡೆ.

ಅವಳನ್ನು ದಾಟಿ ಬಂದರು.

"ಬರಿಗೈಲಿ ಹಿಡ್ದ್ಯಾ? ತೋರ್ಸು."

ಕಿಟಕಿಯ ಬೆಳಕಿಗೆ ಕೂರಿಸಿ, ಅಂಗೈಗೆ ಟೇಪು ಅಂಟಿಸಿ ಎಳೆದು ಮುಳ್ಳು ತೆಗೆಯತೊಡಗಿದರು. ಮೂಗು ನನ್ನ ಕೈಗೆ ತಾಗುವಷ್ಟು ಬಗ್ಗಿದ್ದರು. ನೆಲದ ಮೇಲೆ ಹಳದಿ ನೀರು ಹರಿಯುತ್ತಿತ್ತು.

"ಅದ್ನ ಮೊದ್ಲು ಐಸಿಗೆ ಹಾಕಿ, ಹಾಳಾಗ್ತದೆ" ಎಂದೆ.

"ಆಗ್ಲಿ. ನೀ ಕೈ ಅಲ್ಲಾಡ್ಸಬೇಡ."

ನನಗೆ ಅಳು ಬಂತು. ಉರಿಗೆಂದುಕೊಂಡು ಅವರು ಅಂಗೈ ಊದಿದರು.

ಮರುದಿನ ಬಾತ ಕೈಯಲ್ಲೇ ಭಟ್ಕಳದ ಬೋಟಿನವರಿಗೆ ನಾನೇ ಫೋನು ಮಾಡಿದೆ. ಅದೇ ಹಳದಿಯವಳು ಮತ್ತೆ ಬಲೆಗೆ ಸಿಕ್ಕರೆ ಮರೆಯದೆ ಕಳಿಸಿ ಎಂದೆ. ಬಂಗುಡೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.