ಬಾಣಂತಿ ಹಂಡೆಗೆ ಕಟ್ಟಿಗೆ

ಸಿಕಂದರಾಬಾದಿನ ಪಕ್ಕದ ತಾರ್ನಾಕದ ನಮ್ಮ ಓಣಿಯಲ್ಲಿ ಉಳಿದವರ ದಿನಗಳು ಸುಮ್ಮನೆ ಕಳೆಯುತ್ತವೆ. ನನಗೆ ಮಾತ್ರ ವಾರಕ್ಕೊಮ್ಮೆ ಎದೆ ಧಸಕ್ಕೆನ್ನುವಂಥದ್ದು ಏನಾದರೂ ಆಗಿಯೇ ಆಗುತ್ತದೆ. ಹೋದ ವರ್ಷ ಕಟ್ಟಿಗೆಯ ಸಲುವಾಗಿ ಎರಡು ತಿಂಗಳು ಬಿಡದೆ ಆಯಿತು.

೧. ಕೆಂಪು ಗುಂಡಿ

ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತನ ಮಾಡಲು ಸೇಡಂ ಕಡೆಯ ಹಳ್ಳಿಯಿಂದ ನನ್ನ ಅತ್ತೆಯವರು ಬಂದರು. ಬಂದವರೇ ಬಚ್ಚಲಿನ ಗೀಸರ್ ನೋಡಿ ಮುಖ ಗಂಟು ಹಾಕಿದರು.

"ಕರೆಂಟಿನ ನೀರು ಬಾಣಂತಿ ಮೈಗೆ ಹತ್ತೂದಿಲ್ಲ, ಅಳಿಯಂದ್ರ. ಹಂಡೆ ಬೇಕು, ಕಟ್ಟಿಗಿ ಬೇಕು. ಆಗೂದಿಲ್ಲಂದ್ರ ಹೇಳ್ರಿ, ತಾಯಿ-ಕೂಸು ಇಬ್ಬರ್ನೂ ನಮ್ಮೂರಿಗೆ ಕರ್ಕೊಂಡು ಹೋಗ್ತೀನಿ."

ಇನ್ನೂ ಮುಖ ನೋಡದ ಮೊಮ್ಮಗು ಕೈತಪ್ಪಿ ಹೋಗುತ್ತದೆಂದು ನನಗೆ ನಿಜಕ್ಕೂ ಭಯವಾಯಿತು. ಸಿಕಂದರಾಬಾದಿಗೆ ಓಡಿ ಹಳೆಯದೊಂದು ಪೆಟ್ರೋಲ್ ಗರಗಸ ತಂದೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಓಣಿಯವರೆಲ್ಲ ನೋಡಲಿ ಎಂದು ಗೇಟಿನ ಮುಂದೆಯೇ ನಿಂತು ಹಗ್ಗ ಎಳೆದೆ. ಇಪ್ಪತ್ತು ಸಲ ಎಳೆದರೂ ಅದು ಗುರ್ ಎನ್ನಲಿಲ್ಲ.

"ಇಂಜಿನ್ನೇ ಬಿಚ್ಚಬೇಕು" ಎಂದು ಸ್ಪ್ಯಾನರ್ ತಂದೆ. ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಅತ್ತೆ ಎದ್ದು ಬಂದು, ಚಾಲು-ಬಂದ್ ಮಾಡುವ ಕೆಂಪು ಗುಂಡಿಯನ್ನು ಬೆರಳಿನಿಂದ ಮೇಲೆತ್ತಿ, "ಈಗ ಎಳೀರಿ" ಎಂದರು. ಒಂದೇ ಎಳೆತಕ್ಕೆ ಶುರುವಾಯಿತು!

"ನಮ್ಮ ಹೊಲದಾಗ ಜಾಲಿ ಕೊಯ್ಯಾವ್ರು ಹಿಂಗ ಮಾಡ್ತಾರ," ಎಂದರು ಅತ್ತೆ. "ಆದ್ರ ಪಾಪ, ಅವ್ರು ಯಾರೂ ಫಿಟ್ಟರ್ ಅಲ್ಲ."

೨. ನಾಲ್ಕನೆಯವರು

ನಮ್ಮ ಬಡಾವಣೆಯ ಮೈದಾನದ ಮೂಲೆಯಲ್ಲಿ ಯಾವಾಗಲೋ ಗಾಳಿಗೆ ಬಿದ್ದ ಗುಲ್‌ಮೊಹರ್ ದಿಂಡೊಂದು ಒಣಗಿ ಬಿದ್ದಿತ್ತು. ಯಾರದೂ ಅಲ್ಲದ್ದು ಎಂದು ಬೆಳಿಗ್ಗೆ ಬೆಳಿಗ್ಗೆ ಹೋಗಿ ಕೊಯ್ಯತೊಡಗಿದೆ. ಒಂದು ಮೊಳ ಉದ್ದ ಕೊಯ್ದು ತಲೆ ಎತ್ತಿದರೆ, ಎದುರಿಗೆ ನಮ್ಮ ಕಡೆಯವರೇ ಆದ ನಾಲ್ವರು ನಿವೃತ್ತ ಹಿರಿಯರು, ಕಂಕುಳಲ್ಲಿ ಪೇಪರ್ ಹಿಡಿದು ಸಾಲಾಗಿ ನಿಂತಿದ್ದಾರೆ.

ಒಬ್ಬರು, "ಏಳು ವರ್ಷದಿಂದ ನಾವು ಕೂಡೂದು ಇದರ ಮ್ಯಾಲೇರಿ" ಎಂದರು.

ಕ್ಷಮೆ ಕೇಳಿದೆ. ಅವರು ಬೈಯಲೂ ಇಲ್ಲ. ಉಳಿದ ದಿಂಡಿನ ಮೇಲೆ ಒತ್ತಿಕೊಂಡು ಕೂತರು. ಮೂರು ಜನರಿಗೆ ಸರಿಯಾಯಿತು. ನಾಲ್ಕನೆಯವರು ನಾನು ಕೊಯ್ದ ತುಂಡಿನ ಹಿಂದೆಯೇ ನಡೆದು ನಮ್ಮ ಮನೆಗೆ ಬಂದರು. ಹಿತ್ತಲಲ್ಲಿ ಅದನ್ನು ಇಳಿಸಿದ್ದೇ ತಡ, ಅದರ ಮೇಲೆ ಕೂತು ಪೇಪರ್ ಬಿಚ್ಚಿದರು. ಮರುದಿನವೂ ಬಂದರು. ಹದಿನೈದು ದಿನ ಬಂದರು.

ಹೆಂಡತಿ ದಿನಾ ಚಹಾ ಕೊಟ್ಟು ಕೊಟ್ಟು ಸಾಕಾಗಿ, "ಏನ್ರಿ, ಎಲ್ಲಕ್ಕಿಂತ ಮೊದಲ ಆ ತುಂಡು ಒಲೀಗೆ ಹಾಕ್ರಿ. ಅವರು ಅದರ ಮ್ಯಾಲಿಂದ ಎದ್ದರ" ಎಂದಳು.

೩. ಹುಣಸೆಯ ಬದಲು

ಮುಂದೆ ಒಂದು ಹಳೆಯ ಮನೆ ಕೆಡವುವಲ್ಲಿ ಹುಣಸೆ ಮರ ಉರುಳಿಸಿದ್ದರು. ಮಾಲೀಕರು ಒಯ್ಯಿರಿ ಎಂದರು. ನಾನು ಗರಗಸ ಹಚ್ಚುವಷ್ಟರಲ್ಲಿ ಎದುರಿನ ಮಾಂಸದಂಗಡಿಯ ಭಾಯ್ ಎರಡೂ ಕೈ ಅಡ್ಡ ಹಿಡಿದು ಓಡಿ ಬಂದ. "ಸಾಬ್, ಇಮ್ಲಿ ಕೋ ಜಲಾತೇ ಕ್ಯಾ!" ಹುಣಸೆಯನ್ನು ಸುಡುತ್ತೀರಾ ಎಂದು ಕೂಗಿದ. ಮಾಂಸ ಕಡಿಯುವ ಕೊರಡಿಗೆ ಹುಣಸೆಯಂಥದ್ದು ಇನ್ನೊಂದಿಲ್ಲವಂತೆ. ಅದನ್ನು ಸುಡುವವರನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಬಾಣಂತಿ ನೀರಿಗೆ ಎಂದು ಹೇಳಿದೆ. ಅವನ ಮನಸ್ಸು ಕರಗಿತು. ಎರಡು ಕೊರಡು ಕೊಯ್ದು ಕೊಟ್ಟೆ. ಬದಲಿಗೆ ಒಂದು ಟ್ರಾಲಿ ಒಣ ಜಾಲಿ ಕಟ್ಟಿಗೆಯನ್ನು ಮನೆಗೇ ಕಳಿಸಿದ. ಪೇಪರಿನಲ್ಲಿ ಸುತ್ತಿದ ಒಂದು ಕಟ್ಟನ್ನೂ ಮೇಲಿಟ್ಟು, "ಮಗಳಿಗೆ ಕೊಡಿ, ಶಕ್ತಿ ಬರುತ್ತದೆ" ಎಂದಿದ್ದ. ಒಣಹಣ್ಣು ಇರಬೇಕು ಅಂದುಕೊಂಡೆ.

ನಾವೋ ಮನೆಯಲ್ಲಿ ಈರುಳ್ಳಿಗೂ ಸೋಮವಾರ ರಜೆ ಕೊಡುವವರು. ಕಟ್ಟಿಗೆ ಜೋಡಿಸುತ್ತಿದ್ದ ಅತ್ತೆ ಚಕ್ಕೆಯ ಕಟ್ಟೆಂದು ಅದನ್ನು ಬಿಚ್ಚಿದರು. ಆಮೇಲೆ ಹಿತ್ತಲಿನಿಂದ ಬಂದ ಕೂಗಿಗೆ ನಾನು ಬರಿಗಾಲಲ್ಲೇ ಓಡಿದೆ.

"ಅಳಿಯಂದ್ರ! ಈ ಕಟ್ಟಿಗಿಗೆ ಗೊರಸು ಅದಾವ!"

೪. ಕಾಮಣ್ಣನ ಪಾಲು

ಅಂತೂ ನಲವತ್ತು ದಿನಕ್ಕೆ ಸಾಲುವಷ್ಟು ಕಟ್ಟಿಗೆಯಾಯಿತು. ಹೋಳಿಯ ಹೊತ್ತಿಗೆ ಗಂಡು ಮಗು ಹುಟ್ಟಿತು. ಮೂರು ದಿನ ನಾವೆಲ್ಲ ಆಸ್ಪತ್ರೆಯಲ್ಲೇ ಇದ್ದೆವು. ಬಿಡುಗಡೆಯ ದಿನ ಬೆಳಿಗ್ಗೆ ನೀರು ಕಾಯಿಸಲೆಂದು ನಾನೂ ಅತ್ತೆಯೂ ಮುಂದಾಗಿ ಮನೆಗೆ ಬಂದೆವು.

ಹಿತ್ತಲಲ್ಲಿ ಒಂದು ಚಕ್ಕೆಯೂ ಇರಲಿಲ್ಲ!

ಮೈದಾನಕ್ಕೆ ಓಡಿದೆ. ನಮ್ಮ ಕನ್ನಡ ಸಂಘದವರೆಲ್ಲ ಸುತ್ತ ನಿಂತು ಬೊಬ್ಬೆ ಹೊಡೆಯುತ್ತಿದ್ದಾರೆ. ನಮ್ಮ ಕಡೆಯ ಪದ್ಧತಿಯಂತೆ ಬೆಳಗಿನಲ್ಲೇ ಹಚ್ಚಿದ ಹೋಳಿ ಕಾಮಣ್ಣ ಧಗಧಗ ಉರಿಯುತ್ತಿದ್ದಾನೆ. ಅವನ ಕೆಳಗೆ ನನ್ನ ಎರಡು ತಿಂಗಳ ಬೆವರು.

"ಹೋದ ಸಭಾದಾಗ ನೀವ ಹೇಳಿದ್ರಲ್ರಿ," ಎಂದರು ಅಧ್ಯಕ್ಷರು. "ಕಾಮಣ್ಣನ ಕಟ್ಟಿಗಿ ಕದ್ದ ತರಬೇಕು, ಕಳಕೊಂಡವ್ರು ಬಾಯಿ ಬಿಟ್ರ ಪಾಪ ಅಂತ. ಅದಕ್ಕ ಕಾರ್ಯದರ್ಶಿ ಮನೀದು ಮೊದಲ ಕದಿಯೂಣು ಅಂತ ಠರಾವು ಮಾಡಿದ್ವಿ."

ಕಾರ್ಯದರ್ಶಿ ನಾನೇ. ಬಾಯಿ ಬಿಡುವಂತಿಲ್ಲ. ಮಗಳು ಇನ್ನೊಂದು ತಾಸಿನಲ್ಲಿ ಬರುತ್ತಾಳೆ. ಅತ್ತೆ ಈಗ ಸೇಡಂ ಗಾಡಿ ಹಿಡಿಯುವವರೇ ಎಂದು ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಅತ್ತೆ ಇಬ್ಬರು ಗಟ್ಟಿಗರ ಕೈಯಲ್ಲಿ ತಾಮ್ರದ ಹಂಡೆ ಹೊರಿಸಿಕೊಂಡು ಬಂದರು. "ಬಾಯಿ ಬಿಡಬಾರದವ್ರು ನೀವು. ಹಂಡೆ ಇಡಬಾರದಂತ ನನಗ್ಯಾರು ಹೇಳ್ಯಾರ? ಕಾಮಣ್ಣನ ಬೆಂಕಿ ನೀರು ಮೈಗೆ ಒಳ್ಳೇದು, ಇಡ್ರಿ" ಎಂದು ಮೂರು ಕಲ್ಲು ಹೂಡಿಸಿ, ಕೆಂಡದ ಮೇಲೆ ಹಂಡೆ ಏರಿಸಿಯೇಬಿಟ್ಟರು. ನಾಚಿದ ಅಧ್ಯಕ್ಷರು ಮುಂದಿನ ಕಟ್ಟಿಗೆಯೆಲ್ಲ ಸಂಘದ್ದೇ ಎಂದು ಮಾತು ಕೊಟ್ಟರು. ಮೊಮ್ಮಗ ಇಲ್ಲೇ ಉಳಿಯುತ್ತಾನೆಂದು ನನಗೆ ಜೀವ ಬಂತು.

ಕಾಮಣ್ಣನಿಗೆ ಸುತ್ತು ಹಾಕಲು ಬಂದ ತೆಲುಗು ಮಂದಿಗೆ ಈ ಕಥೆ ಏನು ಗೊತ್ತು? ನಡುವೆ ಹೊಳೆಯುವ ಹಂಡೆಯೇ ದೇವರೆಂದು ಕೈ ಮುಗಿಯತೊಡಗಿದರು. ಒಬ್ಬ ಹೆಂಗಸು ದೂರದಿಂದಲೇ ಅರಿಸಿನ ಕುಂಕುಮ ಎರಚಿ, ಅತ್ತೆಯೇ ಪೂಜಾರಿಣಿ ಎಂದುಕೊಂಡು ಅವರ ಕಾಲಿಗೆ ಬಿದ್ದಳು. ಸೊಸೆಗೆ ಮದುವೆಯಾಗಿ ನಾಲ್ಕು ವರ್ಷವಾಯಿತು, ಒಂದು ಮಗು ಕೊಡಿಸಮ್ಮಾ ಎಂದು ತೆಲುಗಿನಲ್ಲಿ ಬೇಡಿಕೊಂಡಳು.

ಗಡಿಯವರಾದ ಅತ್ತೆಗೆ ತೆಲುಗು ಚೆನ್ನಾಗಿಯೇ ತಿಳಿಯುತ್ತದೆ. ಅವಳನ್ನು ಎಬ್ಬಿಸಿ, ಸೆರಗಿನಿಂದ ಹಂಡೆಯ ಮುಚ್ಚಳ ಸರಿಮಾಡುತ್ತ ಹೇಳಿದರು:

"ಈ ಹಂಡೆ ಹಡೆದ ಮ್ಯಾಲಿನ ಕೆಲಸದ್ದು, ತಂಗಿ. ಹಡೆಯೂಕಿಂತ ಮೊದಲಿನ ಕೆಲಸದಂವ ಕೆಳಗ ಉರಿಯಾಕತ್ತಾನ, ಅವನ್ನ ಕೇಳು!"